ಹಳೇ ಸ್ಪೀಕರಿಗೆ ಮೊದಲ ವಾಲ್ವ್ ಆಂಪ್: ಇಎಲ್84 ಪುಶ್‌ಪುಲ್ ಕಟ್ಟಿದ ಲಾಗ್

ಸ್ಪೀಕರ್ ಆಗ್ಲೇ ಮನೇಲಿತ್ತು. ಸೋದರಮಾವನ ಮನೆ ಅಟ್ಟದಿಂದ ಬಂದಿದ್ದು, ಎಪ್ಪತ್ತರ ದಶಕದ ಕ್ಲೋಸ್ಡ್ ಬಾಕ್ಸ್, ಎಂಟು ಇಂಚಿನ ಪೇಪರ್ ಕೋನು, ಮೇಲೊಂದು ಸಣ್ಣ ಟ್ವೀಟರ್, ಹಿಂದಿನ ಪ್ಲೇಟ್ ಯಾವತ್ತೋ ಕಿತ್ತೋಗಿದೆ ಹಾಗಾಗಿ ಯಾವ ಕಂಪನಿದು ಏನು ಎತ್ತ ಒಂದೂ ಗೊತ್ತಾಗಲ್ಲ, ಮಾವನ್ನ ಕೇಳಿದ್ರೆ "ಫಾರಿನ್ದು ಕಣೋ" ಅಂತಾರೆ, ಅಲ್ಲಿಗೆ ಮುಗೀತು. ಇದಕ್ಕೊಂದು ವಾಲ್ವ್ ಆಂಪ್ (ಹಳೇ ರೇಡಿಯೋದಲ್ಲಿರೋ ಗಾಜಿನ ವಾಲ್ವ್ ಮೇಲೆ ಓಡೋ ಆಂಪ್ಲಿಫೈಯರ್) ಬೇಕು, ಇಪ್ಪತ್ತೈದು ಸಾವಿರ ದಾಟಬಾರ್ದು, ಇಷ್ಟೇ ನನ್ ಲೆಕ್ಕ ಇದ್ದಿದ್ದು.

ಆಂಪ್ ಹುಡುಕೋಕೆ ಮುಂಚೆ ಸ್ಪೀಕರ್ ನೋಡಿ. ಹಳೇದು ಅಂದಮಾತ್ರಕ್ಕೆ ವಾಲ್ವ್‌ಗೆ ಒಗ್ಗುತ್ತೆ ಅಂತೇನಿಲ್ಲ. 1957ರಲ್ಲಿ ಬಂದ ಕ್ಲಿಪ್ಶ್ ಹೆರೆಸಿ ತರದ ಹಾರ್ನ್ ಸ್ಪೀಕರ್‌ಗೆ ಎರಡು ವ್ಯಾಟ್ ಕೊಟ್ರೂ ಮನೆ ತುಂಬುತ್ತೆ, ಹೆಚ್ಚುಕಮ್ಮಿ ಅದೇ ಕಾಲದ ಎಆರ್ ಕಂಪನಿ ಅಕೌಸ್ಟಿಕ್ ಸಸ್ಪೆನ್ಶನ್ ಡಬ್ಬಗಳು (ಪೂರ್ತಿ ಮುಚ್ಚಿದ, ಒಳಗಿನ ಗಾಳೀನೇ ಕೋನ್‌ಗೆ ಸ್ಪ್ರಿಂಗ್ ಆಗೋ ಜಾತಿ) ಇದಾವಲ್ಲ, ಎಆರ್-3 ಅಂಥವು, 4 ಓಮ್, ಪವರ್ ಕುಡಿಯೋದ್ರಲ್ಲಿ ಎತ್ತಿದ ಕೈ, ಅದಕ್ಕೆ ಐದು ವ್ಯಾಟ್ ಆಂಪ್ ಕಟ್ಟಿದ್ರೆ ದುಡ್ಡು ದಂಡ. ಎರಡೂ ವಿಂಟೇಜೇ.

ಮೊದಲು ಮಲ್ಟಿಮೀಟರ್ ಹಾಕಿ ಡಿಸಿ ರೆಸಿಸ್ಟೆನ್ಸ್ ನೋಡಿದೆ, ಒಂದರಲ್ಲಿ 6.4 ಇನ್ನೊಂದರಲ್ಲಿ 6.5, ಅಂದ್ರೆ 8 ಓಮ್ ಸ್ಪೀಕರ್. ಹಳೇ ಇಂಗ್ಲಿಷ್ ಸ್ಪೀಕರ್ ಆದ್ರೆ ಎಷ್ಟೋ ಸಲ 15 ಓಮ್ ಇರುತ್ತೆ, ಯುರೋಪಿನ ಕೆಲವು ಹಳೇ ಫಿಲಿಪ್ಸ್ ರೇಡಿಯೋಗಳಲ್ಲಿ ವಾಲ್ವ್‌ನ ಸ್ಪೀಕರ್‌ಗೆ ಹೊಂದಿಸೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಇರ್ತಿರ್ಲಿಲ್ಲ, ಅದರ ಸ್ಪೀಕರ್ 800 ಓಮ್! ಅಂಥದ್ದು ಗುಜರಿಯಲ್ಲಿ ಚಂದ ಕಾಣ್ತು ಅಂತ ತಂದ್ರೆ ಮಾಮೂಲಿ ಆಂಪ್‌ಗೆ ಕೆಲಸಕ್ಕೆ ಬರಲ್ಲ, ಹಾಗಾಗಿ ಸಂಡೇ ಬಜಾರ್‌ಗೆ ಹೋಗ್ವಾಗ ಜೇಬಲ್ಲಿ ಮೀಟರ್ ಇರ್ಲಿ. ಆಮೇಲೆ 1.5 ವೋಲ್ಟ್ ಸೆಲ್ ಮುಟ್ಟಿಸಿ ಕೋನ್ ಮುಂದಕ್ಕೆ ಬರುತ್ತಾ ಹಿಂದಕ್ಕೆ ಹೋಗುತ್ತಾ ಅಂತ ನೋಡಿ ಪ್ಲಸ್ ಮೈನಸ್ ಗುರುತು ಹಾಕ್ಕೊಂಡೆ. ಅಂಚು ಬಟ್ಟೇದು, ಫೋಮ್ ಅಲ್ಲ, ಪುಣ್ಯ. ಫೋಮ್ ಆಗಿದ್ರೆ ಇಷ್ಟೊತ್ತಿಗೆ ಪುಡಿಪುಡಿ ಆಗಿರೋದು.

ಒಳಗೆ ಕ್ರಾಸ್‌ಓವರ್ (ತೆಳು ಸ್ವರ ಟ್ವೀಟರ್‌ಗೆ, ದಪ್ಪ ಸ್ವರ ದೊಡ್ಡ ಕೋನ್‌ಗೆ ಹಂಚೋದು) ಅಂತ ಇದ್ದಿದ್ದು ಟ್ವೀಟರ್‌ಗೆ ಒಂದೇ ಒಂದು ಕೆಪಾಸಿಟರ್. ಮೇಲೆ 4.7 ಮೈಕ್ರೋ ಅಂತ ಬರೆದಿದೆ, ಮೀಟರ್ 7ರ ಮೇಲೆ ತೋರಿಸ್ತಿದೆ, ಇನ್ನೊಂದು ಡಬ್ಬದ್ದು ಅದಕ್ಕಿಂತ ಬೇರೆ. ಎರಡನ್ನೂ ಕಿತ್ತು ಹೊಸ ಫಿಲ್ಮ್ ಕೆಪಾಸಿಟರ್ ಹಾಕಿದೆ, ಬರೀ ಇಷ್ಟಕ್ಕೇನೇ ಎಡಗಡೆ ಬಲಗಡೆ ಒಂದೇ ತರ ಕೇಳೋಕೆ ಶುರುವಾಯ್ತು. ನೂರಿನ್ನೂರು ರೂಪಾಯಿ ಕೆಲಸ. ಇದನ್ನ ಬಿಟ್ಟು ನೇರ ಆಂಪ್‌ಗೆ ದುಡ್ಡು ಸುರಿಯೋರು ಜಾಸ್ತಿ.

ಈಗ ಮುಖ್ಯವಾದ ಅಳತೆ, ಎಷ್ಟು ವ್ಯಾಟ್ ಬೇಕು. ಇದಕ್ಕೆ ಸ್ಪೀಕರ್‌ನ ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ರೆ ಎಷ್ಟು ಜೋರು) ಗೊತ್ತಿರ್ಬೇಕು ಅಂತಾನೇ ಇಲ್ಲ. ಈಗಿರೋ ಟ್ರಾನ್ಸಿಸ್ಟರ್ ಆಂಪ್‌ಗೇ ಸ್ಪೀಕರ್ ಹಾಕಿ, ನಿಮ್ಗಿಷ್ಟವಾದ ರೆಕಾರ್ಡಿಂಗ್ ಹಚ್ಚಿ, ಯಾವತ್ತೂ ಇದಕ್ಕಿಂತ ಜೋರಾಗಿ ಕೇಳಲ್ಲಪ್ಪ ಅನ್ನೋ ಮಟ್ಟಕ್ಕೆ ವಾಲ್ಯೂಮ್ ಇಡಿ. ನಾಬ್ ಮುಟ್ಟದೆ ಅದೇ ಮೂಲದಿಂದ 120 ಹರ್ಟ್ಸ್ ಸೈನ್ ಟೋನ್, ಮೈನಸ್ 12 ಡಿಬಿ ಲೆವೆಲ್‌ದು, ಪ್ಲೇ ಮಾಡಿ ಸ್ಪೀಕರ್ ಟರ್ಮಿನಲ್ ಮೇಲೆ ಎಸಿ ವೋಲ್ಟ್ ಓದಿ. 12 ಡಿಬಿ ಅಂದ್ರೆ ವೋಲ್ಟೇಜಲ್ಲಿ ನಾಲ್ಕು ಪಟ್ಟು, ಹಾಗಾಗಿ ಓದಿದ್ದನ್ನ ನಾಲ್ಕರಿಂದ ಗುಣಿಸಿದ್ರೆ ಆ ವಾಲ್ಯೂಮಲ್ಲಿ ರೆಕಾರ್ಡಿಂಗ್ ಅತೀ ಮೇಲಕ್ಕೆ ಹೋದಾಗ ಆಂಪ್ ಕೊಡಬೇಕಾದ ವೋಲ್ಟೇಜ್ ಸಿಗುತ್ತೆ. ನಂಗೆ ಬಂದಿದ್ದು 1.05 ವೋಲ್ಟ್, ನಾಲ್ಕು ಪಟ್ಟು ಮಾಡಿದ್ರೆ 4.2, ಅದರ ವರ್ಗ 17.6, ಭಾಗಿಸು 8, ಅಂದ್ರೆ 2.2 ವ್ಯಾಟ್. ಅಷ್ಟೇ! ಪಕ್ಕದ ಮನೆಯೋರು ಬಾಗಿಲು ತಟ್ಟೋ ಮಟ್ಟಕ್ಕೆ 2.2 ವ್ಯಾಟ್ ಸಾಕು.

ಹಾಗಾದ್ರೆ ಐದು ವ್ಯಾಟಿನ ಸಿಂಗಲ್ ಎಂಡೆಡ್ (ಪ್ರತಿ ಚಾನೆಲ್‌ಗೆ ಒಂದೇ ಔಟ್‌ಪುಟ್ ವಾಲ್ವ್ ಇರೋದು) ತಗೋಬಹುದಲ್ಲ, ಅಗ್ಗ, ಸರಳ, ಎಲ್ರೂ ಅದನ್ನೇ ಹೇಳ್ತಾರೆ. ನಾನೂ ಅಲ್ಲಿಗೇ ಬಂದು ನಿಂತಿದ್ದೆ. ಗೆಳೆಯನ ಹತ್ರ ಚೀನಾದಿಂದ ಬಂದ ರೆಡಿಮೇಡ್ ಸಿಂಗಲ್ ಎಂಡೆಡ್ ಒಂದಿತ್ತು, ಒಂದು ವಾರ ಇಟ್ಕೋ ಅಂತ ಕೊಟ್ಟ. ಕಂಠ ಕೇಳೋಕೆ ಬಹಳ ಚೆನ್ನಾಗಿತ್ತು, ತಂಬೂರಿ ಸುತ್ತ ಗಾಳಿ ಇದ್ದಂಗೆ ಇತ್ತು, ಆದ್ರೆ ಮೃದಂಗ ಬಂತು ನೋಡಿ, ಬಲಗಡೆ ಮುಖ ಸರಿ, ಎಡಗಡೆ ತೊಪ್ಪಿ ಬಾರಿಸಿದ ತಕ್ಷಣ ಧುಮ್ಮ್ಮ್ ಅಂತ ಎಳ್ಕೊಂಡು ಮುಂದಿನ ಏಟಿನ ಮೇಲೆ ಬಿದ್ದು ಎಲ್ಲಾ ಕಲಸಿಹೋಗೋದು. ಇದು ವ್ಯಾಟ್ ಸಾಲ್ದೆ ಆಗೋದಲ್ಲ. ಕೋನ್ ಅಲುಗಾಡಿದ್ಮೇಲೆ ಅದನ್ನ ಹಿಡಿದು ನಿಲ್ಲಿಸೋದು ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಸ್ಪೀಕರ್ ಕಡೆಯಿಂದ ಕಾಣೋ ಆಂಪ್‌ನ ಒಳಗಿನ ತಡೆ), ಅದು ಕಮ್ಮಿ ಇದ್ದಷ್ಟೂ ಹಿಡಿತ ಜಾಸ್ತಿ. ಇಎಲ್84 ಅನ್ನೋ ಔಟ್‌ಪುಟ್ ಪೆಂಟೋಡ್ (ಐದು ಎಲೆಕ್ಟ್ರೋಡ್ ಇರೋ ವಾಲ್ವ್) ಒಳಗಿನ ರೆಸಿಸ್ಟೆನ್ಸ್ ಸುಮಾರು 38 ಸಾವಿರ ಓಮ್, ಅದಕ್ಕೆ ಟ್ರಾನ್ಸ್‌ಫಾರ್ಮರ್ ಮೂಲಕ ಕಾಣೋ ಲೋಡ್ 5.2 ಸಾವಿರ, ಫೀಡ್‌ಬ್ಯಾಕ್ (ಔಟ್‌ಪುಟ್‌ನ ಸ್ವಲ್ಪ ಭಾಗ ವಾಪಸ್ ಇನ್‌ಪುಟ್ ಕಡೆಗೆ ಕೊಟ್ಟು ತಪ್ಪು ತಿದ್ದೋದು) ಇಲ್ದೆ ಹಾಗೇ ಬಿಟ್ರೆ ಟ್ರಾನ್ಸ್‌ಫಾರ್ಮರ್‌ನ 8 ಓಮ್ ಟ್ಯಾಪ್ (ಸುತ್ತಿನಿಂದ ಹೊರಗೆ ತೆಗೆದ ವೈರ್) ಮೇಲೆ ಔಟ್‌ಪುಟ್ ಇಂಪೀಡೆನ್ಸ್ ಐವತ್ತು ಓಮ್ ದಾಟುತ್ತೆ, ಹಿಡಿತ ಅನ್ನೋದೇ ಇರಲ್ಲ. ಹಳೇ ಕ್ಲೋಸ್ಡ್ ಬಾಕ್ಸ್‌ಗಳು ತಾವೇ ಸ್ವಲ್ಪ ಗುಂಯ್ ಅನ್ನೋ ಜಾತಿ, ಅದಕ್ಕೆ ಹಿಡಿತ ಇಲ್ದಿರೋ ಆಂಪ್ ಸೇರಿದ್ರೆ ಬೇಸ್ ಊದ್ಕೊಳ್ಳುತ್ತೆ.

ಇನ್ನೊಂದು, ಸಿಂಗಲ್ ಎಂಡೆಡ್‌ನಲ್ಲಿ ಡಿಸಿ ಕರೆಂಟು ಟ್ರಾನ್ಸ್‌ಫಾರ್ಮರ್ ಮೂಲಕ ಒಂದೇ ದಿಕ್ಕಿಗೆ ಹರಿಯುತ್ತೆ, ಕೋರ್ ಸ್ಯಾಚುರೇಟ್ ಆಗ್ಬಾರ್ದು ಅಂತ ಏರ್ ಗ್ಯಾಪ್ ಬಿಡಬೇಕು, ಗ್ಯಾಪ್ ಬಿಟ್ರೆ ಇಂಡಕ್ಟೆನ್ಸ್ ಇಳಿಯುತ್ತೆ, ಬೇಸ್ ಬೇಕಂದ್ರೆ ಮತ್ತೆ ದೊಡ್ಡ ಕೋರ್ ಬೇಕು, ದೊಡ್ಡ ಕೋರ್ ಅಂದ್ರೆ ದುಡ್ಡು. ಪುಶ್‌ಪುಲ್‌ನಲ್ಲಿ ಪ್ರತಿ ಚಾನೆಲ್‌ಗೆ ಎರಡು ಔಟ್‌ಪುಟ್ ವಾಲ್ವ್ ಎದುರು ಬದುರಾಗಿ ಕೆಲಸ ಮಾಡುತ್ತೆ, ಅವುಗಳ ಡಿಸಿ ಒಂದನ್ನೊಂದು ಹೊಡೆದುಹಾಕುತ್ತೆ, ಗ್ಯಾಪ್ ಬೇಡ, ಅದೇ ತೂಕದ ಕಬ್ಬಿಣದಲ್ಲಿ ಇನ್ನೂ ಕೆಳಗಿನ ಸ್ವರ ಬರುತ್ತೆ. ವಾಲ್ವ್ ಎರಡು ಜಾಸ್ತಿ ಆಯ್ತು ನಿಜ, ಆದ್ರೆ ಒಳ್ಳೇ ಬೇಸ್ ಬೇಕಂದ್ರೆ ಒಟ್ಟು ಲೆಕ್ಕದಲ್ಲಿ ಇದೇ ಅಗ್ಗ. 2.2 ವ್ಯಾಟ್ ಸಾಕು ಅಂತ ಗೊತ್ತಿದ್ರೂ ನಾನು ಪುಶ್‌ಪುಲ್‌ಗೆ ಹೋಗಿದ್ದು ಇದೇ ಕಾರಣಕ್ಕೆ.

ಗೆಳೆಯನ ಆಂಪ್ ವಿಷ್ಯ ಬಂತಲ್ಲ, ಒಂದು ಮಾತು. ಅದರ ಹಿಂದೆ 220 ವೋಲ್ಟ್ ಅಂತ ಬರೆದಿತ್ತು, ನಮ್ ಏರಿಯಾದಲ್ಲಿ ರಾತ್ರಿ ಹೊತ್ತು 240 ಬರುತ್ತೆ. ವಾಲ್ವ್ ಕಾಯಿಸೋ ಹೀಟರ್‌ನ ವೋಲ್ಟೇಜ್ ಅಳೆದ್ರೆ 6.3 ಇರ್ಬೇಕಾದಲ್ಲಿ 6.9 ಹತ್ರ. ಹಿಂಗೇ ಓಡಿಸಿದ್ರೆ ವಾಲ್ವ್ ಆಯಸ್ಸು ಕಮ್ಮಿ, ಟ್ರಾನ್ಸ್‌ಫಾರ್ಮರ್ ಕೂಡ ಬಿಸಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಲ್ಲಿ ಸಿಗೋ ಮಾಮೂಲಿ 12 ವೋಲ್ಟ್ 2 ಆಂಪಿಯರ್ ಟ್ರಾನ್ಸ್‌ಫಾರ್ಮರ್ ತಂದು ಅದರ ಸೆಕೆಂಡರಿನ ಲೈನ್‌ಗೆ ಸೀರೀಸಲ್ಲಿ ಉಲ್ಟಾ ಫೇಸ್‌ಗೆ ಹಾಕಿ ಮುಚ್ಚಿದ ಡಬ್ಬದಲ್ಲಿಟ್ಟು ಕೊಟ್ಟೆ, 240 ಹೋಗಿ 228 ಆಯ್ತು, ಹೀಟರ್ 6.5ಕ್ಕೆ ಇಳೀತು. ಆಂಪ್ ಸಿಕ್ಕಿಸೋ ಮುಂಚೆ ಮೀಟರಲ್ಲಿ ನೋಡ್ಲೇಬೇಕು, ಫೇಸ್ ಉಲ್ಟಾ ಆದ್ರೆ 252 ಬಂದ್ಬಿಡುತ್ತೆ.

ಇನ್ನು ಬೇರೆ ದಾರಿಗಳು. ಆನ್‌ಲೈನಲ್ಲಿ ಐದಾರು ಸಾವಿರಕ್ಕೆ ವಾಲ್ವ್ ಆಂಪ್ ಅಂತ ಬರೋದನ್ನ ಎತ್ತಿ ನೋಡಿ ಸಾಕು. ನಿಜವಾದ ಸ್ಟೀರಿಯೋ ವಾಲ್ವ್ ಆಂಪಲ್ಲಿ ಮೂರು ಟ್ರಾನ್ಸ್‌ಫಾರ್ಮರ್ ಇರುತ್ತೆ, ಏಳೆಂಟು ಕೆಜಿ ತೂಗ್ಬೇಕು, ಒಂದೂವರೆ ಕೆಜಿ ಇದ್ರೆ ಒಳಗೆ ಕ್ಲಾಸ್ ಡಿ ಚಿಪ್ಪು, ಮೇಲೆ ಎರಡು ಪುಟ್ಟ ಪ್ರೀಆಂಪ್ ವಾಲ್ವು, ವಾಲ್ವ್ ಅಡಿಯಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ. ಕೆಟ್ಟದು ಅಂತಲ್ಲ, ಆದ್ರೆ ಅದು ವಾಲ್ವ್ ಆಂಪ್ ಅಲ್ಲ. ಹಳೇ ವಾಲ್ವ್ ಪಿಎ ಆಂಪ್‌ಗಳು, ಜಾತ್ರೆ ಮೈಕ್‌ಸೆಟ್‌ನವು, ಸಿಗುತ್ತೆ, ಆದ್ರೆ ಔಟ್‌ಪುಟ್ 100 ವೋಲ್ಟ್ ಲೈನ್‌ಗೆ (ದೂರದ ಸ್ಪೀಕರ್‌ಗಳಿಗೆ ಉದ್ದ ವೈರ್ ಎಳೆಯೋ ಪದ್ಧತಿ) ಅಂತ ಮಾಡಿರ್ತಾರೆ, ಮಾತಿಗೆ ಸಾಕು ಸಂಗೀತಕ್ಕೆ ಆ ಟ್ರಾನ್ಸ್‌ಫಾರ್ಮರ್ ಸಾಲಲ್ಲ. ಕೆಟ್ಟ ರೇಡಿಯೋಗ್ರಾಮ್ (ರೇಡಿಯೋ, ರೆಕಾರ್ಡ್ ಪ್ಲೇಯರ್ ಸೇರಿದ ಪೆಟ್ಟಿಗೆ) ಕೊಳ್ಳೋದು ಬೇಡ, ಚೆನ್ನಾಗಿರೋದನ್ನ ಬಿಚ್ಚೋದು ಪಾಪ.

ಸರ್ಕ್ಯೂಟ್ ವಿಷ್ಯದಲ್ಲಿ ಹೊಸದೇನೂ ಮಾಡಿಲ್ಲ. ಮುಲ್ಲಾರ್ಡ್‌ನವರ 5-10, ಡೈನಾಕೋ ಎಸ್‌ಟಿ-35 ಅನ್ನೋ ಹಳೇ ಆಂಪ್‌ಗಳು, ಎಲ್ಲ ಇದೇ ಇಎಲ್84 ಜೋಡಿ ಮೇಲೆ ಕಟ್ಟಿದ್ದು, ಅಮೆರಿಕದ ಹೆಸರಲ್ಲಿ 6ಬಿಕ್ಯೂ5. ನಂದು ಪ್ರತಿ ಚಾನೆಲ್‌ಗೆ ಒಂದು ಇಸಿಸಿ83 (ಒಂದೇ ಗಾಜಲ್ಲಿ ಎರಡು ಪುಟ್ಟ ವಾಲ್ವ್), ಅದರ ಅರ್ಧ ಸಿಗ್ನಲ್ ಹಿಗ್ಗಿಸೋ ಗೇನ್‌ಗೆ, ಇನ್ನರ್ಧ ಸಿಗ್ನಲ್‌ನ ಒಂದಕ್ಕೊಂದು ಉಲ್ಟಾ ಎರಡು ಮಾಡೋ ಫೇಸ್ ಸ್ಪ್ಲಿಟರ್‌ಗೆ, ಆಮೇಲೆ ಎರಡು ಇಎಲ್84. ಇಎಲ್84ರ ಸ್ಕ್ರೀನ್ ಗ್ರಿಡ್‌ನ (ಒಳಗಿನ ಎರಡನೇ ಜಾಲರಿ) ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಅಲ್ಟ್ರಾ ಲೀನಿಯರ್ ಟ್ಯಾಪ್‌ಗೆ ಕೊಟ್ಟಿದೀನಿ, 43 ಪರ್ಸೆಂಟ್. ಇದು ಹ್ಯಾಫ್ಲರ್ ಮತ್ತೆ ಕೆರೋಸ್ ಅನ್ನೋರು 1951ರಲ್ಲಿ ಜನಕ್ಕೆ ಪರಿಚಯಿಸಿದ ವಿದ್ಯೆ, ಪವರ್ ಸ್ವಲ್ಪ ಕಮ್ಮಿಯಾಗುತ್ತೆ, ಔಟ್‌ಪುಟ್ ಇಂಪೀಡೆನ್ಸ್ ಚೆನ್ನಾಗಿ ಇಳಿಯುತ್ತೆ, ಅದರ ಮೇಲೆ ಒಂದಿಷ್ಟು ಫೀಡ್‌ಬ್ಯಾಕ್. ಮೃದಂಗಕ್ಕೆ ಔಷಧಿ ಇದೇ.

ವಾಲ್ವ್ ಬಗ್ಗೆ ಬೆಂಗಳೂರಿನವರಿಗೆ ಒಂದು ಸಣ್ಣ ಹೆಮ್ಮೆ ಇರ್ಲಿ, ಜಾಲಹಳ್ಳಿ ಬಿಇಎಲ್‌ನಲ್ಲಿ 1961ರಿಂದ ರೇಡಿಯೋ ವಾಲ್ವ್ ಮಾಡ್ತಿದ್ರು, ಇಎಲ್84, ಇಸಿಸಿ83 ಎರಡೂ ಅಲ್ಲಿಂದ ಬಂದಿವೆ, ಈಗಲೂ ಹಳೇ ರೇಡಿಯೋ ರಿಪೇರಿಯವರ ಡ್ರಾದಲ್ಲಿ ಸಿಗುತ್ತೆ. ಹೊಸದು ಅಂತ ಡಬ್ಬದಲ್ಲಿ ಕೊಟ್ರೂ ಎಷ್ಟೋ ಸಲ ಸೆಟ್‌ನಿಂದ ಕಿತ್ತಿದ್ದೇ ಇರುತ್ತೆ. ಪಿನ್ ಮೇಲೆ ಗೀಚು ಇದೆಯಾ ನೋಡಿ, ಮೇಲ್ಗಡೆ ಗೆಟರ್ (ಗಾಜಿನ ಒಳಗಿನ ಲೋಹದ ಲೇಪ) ಕನ್ನಡಿ ತರ ಹೊಳೀಬೇಕು, ಅಂಚು ಕರಗಿ ತೆಳುವಾಗಿದ್ರೆ ಬಹಳ ಓಡಿದೆ ಅಂತ, ಬಿಳಿ ಸುಣ್ಣದ ಹಂಗಿದ್ರೆ ಒಳಗೆ ಗಾಳಿ ಹೋಗಿದೆ, ತಗೊಂಡು ಪ್ರಯೋಜನ ಇಲ್ಲ. ನಾನು ಇಸಿಸಿ83 ಎರಡು ಬಿಇಎಲ್‌ದು ಹಾಕಿ, ಇಎಲ್84 ನಾಲ್ಕನ್ನ ಹೊಸ ಸ್ಲೊವಾಕಿಯಾದ ಜೆಜೆ ತಗೊಂಡೆ, ಔಟ್‌ಪುಟ್ ವಾಲ್ವ್ ಸವೆಯೋ ಪಾರ್ಟು, ಅಲ್ಲಿ ಸೆಂಟಿಮೆಂಟ್ ಬೇಡ.

ದುಡ್ಡು ಹೋಗಿದ್ದು ಜಾಸ್ತಿ ಟ್ರಾನ್ಸ್‌ಫಾರ್ಮರ್‌ಗೆ, ಹೋಗ್ಬೇಕಾದ್ದೂ ಅಲ್ಲಿಗೇ. ಎಸ್.ಪಿ. ರೋಡ್ ಹಿಂದಿನ ಗಲ್ಲಿಯಲ್ಲಿ ವೈಂಡಿಂಗ್ ಮಾಡೋ ಯಜಮಾನ್ರು ಒಬ್ರು ಇದಾರೆ, ವಾಲ್ವ್ ಅಂದ ತಕ್ಷಣ ಮುಖ ಅರಳ್ತು. ಚೀಟಿಯಲ್ಲಿ ಬರೆದು ಕೊಟ್ಟೆ: ಔಟ್‌ಪುಟ್ ಎರಡು, ಪ್ರೈಮರಿ (ವಾಲ್ವ್ ಕಡೆಯ ಸುತ್ತು) 8 ಸಾವಿರ ಓಮ್ ಪ್ಲೇಟ್ ಟು ಪ್ಲೇಟ್ (ಎರಡು ವಾಲ್ವ್‌ನ ಪ್ಲೇಟ್‌ಗಳ ನಡುವೆ), ಸೆಂಟರ್ ಟ್ಯಾಪ್, 43 ಪರ್ಸೆಂಟ್ ಟ್ಯಾಪ್, ಸೆಕೆಂಡರಿ (ಸ್ಪೀಕರ್ ಕಡೆಯದು) 4 ಮತ್ತೆ 8 ಓಮ್, ಸಿಆರ್‌ಜಿಓ (ಟ್ರಾನ್ಸ್‌ಫಾರ್ಮರ್‌ಗೆ ಅಂತಾನೇ ಮಾಡೋ ಸಿಲಿಕಾನ್ ಸ್ಟೀಲ್) ಸ್ಟ್ಯಾಂಪಿಂಗ್, ಪ್ರೈಮರಿ ಸೆಕೆಂಡರಿ ಪದರ ಪದರವಾಗಿ ಒಂದರ ನಡುವೆ ಒಂದು. ಈ ಕೊನೇದನ್ನ ಒತ್ತಿ ಹೇಳಿ, ಹೇಳ್ದಿದ್ರೆ ಪವರ್ ಟ್ರಾನ್ಸ್‌ಫಾರ್ಮರ್ ತರ ಪೂರ್ತಿ ಪ್ರೈಮರಿ ಸುತ್ತಿ ಅದರ ಮೇಲೆ ಸೆಕೆಂಡರಿ ಸುತ್ತಿಬಿಡ್ತಾರೆ, ಟ್ರೆಬಲ್ ಸತ್ತೋಗುತ್ತೆ. ಪವರ್ ಟ್ರಾನ್ಸ್‌ಫಾರ್ಮರ್‌ಗೆ ಪ್ರೈಮರಿಯಲ್ಲಿ 230 ಮತ್ತೆ 245 ಎರಡು ಟ್ಯಾಪ್, ಎಚ್‌ಟಿ (ವಾಲ್ವ್ ಪ್ಲೇಟ್‌ಗೆ ಹೋಗೋ ಹೈ ಟೆನ್ಶನ್) 230 ವೋಲ್ಟ್ 300 ಮಿಲಿಆಂಪ್, ಹೀಟರ್ 6.3 ವೋಲ್ಟ್ 5 ಆಂಪ್. ಹೀಟರ್ ಲೆಕ್ಕ ಹೆಂಗೆ ಅಂದ್ರೆ ಇಎಲ್84 ಒಂದಕ್ಕೆ 0.76, ನಾಲ್ಕಕ್ಕೆ 3.04, ಇಸಿಸಿ83 ಎರಡಕ್ಕೆ 0.6, ಒಟ್ಟು 3.64, ಮೇಲೆ ಸ್ವಲ್ಪ ಉಸಿರಾಡೋಕೆ ಜಾಗ.

ಬಂದ ಟ್ರಾನ್ಸ್‌ಫಾರ್ಮರ್‌ನ ಹಾಗೇ ನಂಬಿ ಸೋಲ್ಡರ್ ಮಾಡ್ಬೇಡಿ. ಪ್ರೈಮರಿಗೆ 24 ವೋಲ್ಟ್ ಎಸಿ ಕೊಟ್ಟು ಸೆಕೆಂಡರಿ ಅಳೀರಿ. 8000 ಭಾಗಿಸು 8 ಅಂದ್ರೆ ಸಾವಿರ, ಅದರ ವರ್ಗಮೂಲ 31.6, ಅಂದ್ರೆ 8 ಓಮ್ ಟ್ಯಾಪಲ್ಲಿ 0.76 ವೋಲ್ಟ್ ಬರ್ಬೇಕು, 4 ಓಮ್ ಟ್ಯಾಪಲ್ಲಿ 0.54. ಸೆಂಟರ್ ಟ್ಯಾಪಿಂದ ಎರಡೂ ಕಡೆಗೆ 12 ಸಮ ಇರ್ಬೇಕು. ಮೊದಲನೇದು ಸರಿ ಇತ್ತು. ಎರಡನೇದರಲ್ಲಿ 8 ಅಂತ ಸ್ಲೀವ್ ಹಾಕಿದ್ದ ವೈರಲ್ಲಿ 0.54, 4ರಲ್ಲಿ 0.76. ಫೋನ್ ಮಾಡ್ದೆ. "ಸಾರ್, ಹುಡುಗ ಸ್ಲೀವ್ ಅದಲು ಬದಲು ಮಾಡ್ಬಿಟ್ಟಿದಾನೆ, ವೈಂಡಿಂಗ್ ಪಕ್ಕಾ ಇದೆ ನೋಡಿ" ಅಂದ್ರು, ಹಂಗೇ ಇತ್ತು. ಹೆಸರು ನಂಬಿ ಹಾಕಿದ್ರೆ ಒಂದು ಚಾನೆಲ್ ಜೋರು ಒಂದು ಮೆತ್ತಗೆ ಆಗಿ, ತಪ್ಪು ವಾಲ್ವ್‌ದು ಅಂತ ಹುಡುಕ್ತಾ ಕೂರ್ಬೇಕಿತ್ತು. ಉಲ್ಟಾ ಕಡೆಯಿಂದ ಅಳೆಯೋಕೆ ಹೋಗ್ಬೇಡಿ ಮಾರಾಯ್ರೆ, ಸೆಕೆಂಡರಿಗೆ 6.3 ಕೊಟ್ರೆ ಪ್ರೈಮರಿಯಲ್ಲಿ 200 ವೋಲ್ಟ್ ಬಂದು ಕೂತಿರುತ್ತೆ.

ಚಾಸಿಗೆ ತೂತು ಕೊರೆಯೋ ಮುಂಚೆ ಇನ್ನೊಂದು ಕೆಲಸ. ಪವರ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಗೆ ಕರೆಂಟ್ ಕೊಟ್ಟು, ಮಿಕ್ಕ ವೈರ್‌ಗಳಿಗೆಲ್ಲ ಟೇಪ್ ಸುತ್ತಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ 8 ಓಮ್ ವೈರ್‌ಗೆ ಹಳೇ ಇಯರ್‌ಫೋನ್ ಹಚ್ಚಿ ಕಿವೀಲಿಟ್ಕೊಂಡು ಪಕ್ಕದಲ್ಲಿಟ್ಟು ತಿರುಗಿಸ್ತಾ ಹೋದೆ. ಒಂದು ಕೋನದಲ್ಲಿ ಗುಂಯ್ ಜೋರು, ತಿರುಗಿಸ್ತಾ ತಿರುಗಿಸ್ತಾ ಒಂದ್ಕಡೆ ಪೂರ್ತಿ ಮಾಯ. ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಅಲ್ಲೇ ಕೊರೆದೆ. ಕಬ್ಬಿಣದ ಚಾಸಿ ಬದಲು 2 ಮಿಮೀ ಅಲ್ಯೂಮಿನಿಯಂ, ಫೈಲ್ ಹಿಡಿಯೋಕೂ ಸುಲಭ.

ವೈರಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಹೀಟರ್ ವೈರ್ ಮೊದಲು, ಬಿಗಿಯಾಗಿ ಹೆಣೆದು ಚಾಸಿ ಮೂಲೆಗೆ ಒತ್ತಿ. ಇಎಲ್84ರಲ್ಲಿ 2ನೇ ಪಿನ್ ಗ್ರಿಡ್, 3 ಕ್ಯಾಥೋಡ್, 4 ಮತ್ತೆ 5 ಹೀಟರ್, 7 ಪ್ಲೇಟ್, 9 ಸ್ಕ್ರೀನ್, ಕೆಳಗಡೆಯಿಂದ ನೋಡ್ದಾಗ ಗಡಿಯಾರದ ದಿಕ್ಕಲ್ಲಿ ಎಣಿಸ್ಬೇಕು. ಪ್ರತಿ ವಾಲ್ವ್‌ಗೂ ಬೇರೆ ಬೇರೆ 270 ಓಮ್ 5 ವ್ಯಾಟ್ ಕ್ಯಾಥೋಡ್ ರೆಸಿಸ್ಟರ್, ಯಾಕಂದ್ರೆ ಒಂದೊಂದು ವಾಲ್ವ್ ಎಷ್ಟು ಕರೆಂಟ್ ಎಳೀತಿದೆ ಅಂತ ಬೇರೆ ಬೇರೆ ಓದ್ಬಹುದು. ಎಚ್‌ಟಿ ಮೇಲೆ 220 ಕೆ ಬ್ಲೀಡರ್ (ಆಫ್ ಮಾಡಿದ್ಮೇಲೆ ಕೆಪಾಸಿಟರ್ ಖಾಲಿ ಮಾಡೋ ರೆಸಿಸ್ಟರ್) ಮರೀಬೇಡಿ. 300 ವೋಲ್ಟ್ ಡಿಸಿ ಸುಮ್ನೆ ಬಿಡಲ್ಲ, ಸ್ವಿಚ್ ಆಫ್ ಮಾಡಿದ್ಮೇಲೂ ಕೆಪಾಸಿಟರಲ್ಲಿ ಕೂತಿರುತ್ತೆ, ಪ್ರತಿಸಲ ಮೀಟರ್ ಇಟ್ಟು ಸೊನ್ನೆ ನೋಡಿ ಕೈ ಹಾಕಿ, ಒಂದು ಕೈ ಜೇಬಲ್ಲಿ. ಚಾಸಿಗೆ ಅರ್ತ್ ಕಡ್ಡಾಯ.

ಮೊದಲ ಸಲ ಕರೆಂಟ್ ಕೊಟ್ಟಿದ್ದು ಸೀರೀಸ್ ಬೋರ್ಡ್ ಮೂಲಕ, ಅಂದ್ರೆ ಲೈನ್ ನಡುವೆ 100 ವ್ಯಾಟ್ ಹಳೇ ಬಲ್ಬು, ಸ್ಪೀಕರ್ ಬದಲು 8 ಓಮ್ 20 ವ್ಯಾಟ್ ರೆಸಿಸ್ಟರ್. ವಾಲ್ವ್ ಆಂಪ್‌ನ ಲೋಡ್ ಇಲ್ದೆ ಯಾವತ್ತೂ ಓಡಿಸ್ಬಾರ್ದು, ಪ್ರೈಮರಿಯಲ್ಲಿ ವೋಲ್ಟೇಜ್ ಸಿಕ್ಕಾಪಟ್ಟೆ ಏರಿ ಟ್ರಾನ್ಸ್‌ಫಾರ್ಮರ್ ಸುಟ್ಟೋಗಬಹುದು. ಬಲ್ಬ್ ಒಂದ್ಸಲ ಭಗ್ ಅಂತ ಹತ್ತಿ ಮಂಕಾಯ್ತು, ಶಾರ್ಟ್ ಇಲ್ಲ ಅಂತ ಅರ್ಥ. ಆಮೇಲೆ ನೇರ ಲೈನು. ಎಚ್‌ಟಿ 302 ವೋಲ್ಟ್. ಕ್ಯಾಥೋಡ್‌ಗಳಲ್ಲಿ 10.6, 10.4, 10.7, ನಾಲ್ಕನೇದು 12.9.

12.9 ಅಂದ್ರೆ 48 ಮಿಲಿಆಂಪ್, ಸ್ಕ್ರೀನ್ ಪಾಲು ಕಳೆದ್ರೂ ಪ್ಲೇಟ್ ಮೇಲೆ 12 ವ್ಯಾಟ್ ಮಿತಿ ದಾಟ್ತಿದೆ. ವಾಲ್ವ್ ಜಾಗ ಬದಲಿಸಿ ನೋಡ್ದೆ, ಓದು ವಾಲ್ವ್ ಜೊತೆ ಹೋಗ್ಲಿಲ್ಲ, ಸಾಕೆಟ್ ಹತ್ರಾನೇ ಉಳೀತು, ಹಾಗಾದ್ರೆ ವಾಲ್ವ್ ತಪ್ಪಲ್ಲ. 2ನೇ ಪಿನ್ ಮೇಲೆ ಮೀಟರ್ ಇಟ್ರೆ ಸೊನ್ನೆ ಇರ್ಬೇಕಾದ ಗ್ರಿಡ್‌ನಲ್ಲಿ ಪ್ಲಸ್ 3 ವೋಲ್ಟ್ ಚಿಲ್ರೆ. ಹಿಂದಿನ ವಾಲ್ವ್‌ನ ಡಿಸಿ ತಡೆಯೋ ಕಪ್ಲಿಂಗ್ ಕೆಪಾಸಿಟರ್ ಲೀಕ್, ಹೊಸದು ಅಂತ ಕೊಟ್ಟಿದ್ದೇ. ಬೇರೆ 0.1 ಮೈಕ್ರೋ 630 ವೋಲ್ಟ್ ಹಾಕಿದ್ಮೇಲೆ 10.5ಕ್ಕೆ ಬಂತು. ಹಳೇ ಆಂಪ್ ರಿಪೇರಿ ಮಾಡೋರಿಗೂ ಇದೇ ಮೊದಲ ಅಳತೆ, ಔಟ್‌ಪುಟ್ ವಾಲ್ವ್ ಪ್ಲೇಟ್ ಕೆಂಪಾಗ್ತಿದ್ರೆ ಹೊಸ ವಾಲ್ವ್ ತರೋ ಮುಂಚೆ ಗ್ರಿಡ್ ವೋಲ್ಟೇಜ್ ನೋಡಿ.

ಫೀಡ್‌ಬ್ಯಾಕ್ ವೈರ್ ಹಾಕಿದ್ಮೇಲೆ ಎಡ ಚಾನೆಲ್ ಸರಿ ಇತ್ತು, ಬಲದ್ದು ಕೂ ಅಂತ ಕಿರುಚ್ತು, ಅಂದ್ರೆ ಫೇಸ್ ಉಲ್ಟಾ. ಆ ಚಾನೆಲ್‌ನ ಎರಡು ಪ್ಲೇಟ್ ವೈರ್ ಅದಲು ಬದಲು, ಜೊತೆಗೆ ಸ್ಕ್ರೀನ್ ಟ್ಯಾಪ್‌ಗಳೂ. ನಿಂತೋಯ್ತು. ಆಮೇಲೆ ಹಮ್. ಸ್ಪೀಕರ್‌ಗೆ ಕಿವಿ ಕೊಟ್ಟು ಕೇಳ್ಬೇಕು, ದಪ್ಪ ಮೆತ್ತನೆ 50 ಹರ್ಟ್ಸ್ ಆದ್ರೆ ಹೀಟರ್ ಕಡೆದು, ಸ್ವಲ್ಪ ಮೇಲಿನ ಸ್ವರದ ಜಿರ್ ಅನ್ನೋ 100 ಆದ್ರೆ ಸಪ್ಲೈ ಅಥವಾ ಗ್ರೌಂಡ್. ನಂದು 50. ಹೀಟರ್ ವೈಂಡಿಂಗ್‌ನ ಎರಡೂ ತುದಿಯಿಂದ 100 ಓಮ್ ರೆಸಿಸ್ಟರ್ ಹಾಕಿ ನಡುವಿನ ಪಾಯಿಂಟ್‌ನ ಗ್ರೌಂಡ್ ಬದಲು ಒಂದು ಇಎಲ್84 ಕ್ಯಾಥೋಡ್‌ಗೆ, ಅಂದ್ರೆ ಹತ್ತು ವೋಲ್ಟ್ ಮೇಲಕ್ಕೆ, ಕಟ್ಟಿದೆ. ಈಗ ಗ್ರಿಲ್‌ಗೆ ಕಿವಿ ಒತ್ತಿದ್ರೆ ಮಾತ್ರ ಏನೋ ಇದೆ ಅನ್ಸುತ್ತೆ.

400 ಹರ್ಟ್ಸ್ ಟೋನ್ ಕೊಟ್ಟು ಡಮ್ಮಿ ಲೋಡ್ (ಆ 8 ಓಮ್ ರೆಸಿಸ್ಟರ್) ಮೇಲೆ ಕ್ಲಿಪ್ ಆಗೋವರೆಗೂ, ಅಂದ್ರೆ ಅಲೆಯ ತಲೆ ಕತ್ತರಿಸೋವರೆಗೂ, ಏರಿಸಿದ್ರೆ 9.1 ವೋಲ್ಟ್, ಹತ್ತು ವ್ಯಾಟ್ ಚಿಲ್ರೆ. ಬೇಕಿದ್ದಿದ್ದು 2.2. ತೊಪ್ಪಿ ಈಗ ಬಾರಿಸಿದ್ಕಡೆ ನಿಲ್ಲುತ್ತೆ, ಗುಮುಕಿ (ತೊಪ್ಪಿ ಮೇಲೆ ಕೈ ಒತ್ತಿ ಸ್ವರ ಜಾರಿಸೋದು) ಕೊಟ್ಟಾಗ ಸ್ವರ ಮೇಲೇರೋದು ಬಿಡಿಬಿಡಿಯಾಗಿ ಕೇಳುತ್ತೆ. ಕಂಠದಲ್ಲಿ ಆ ಸಿಂಗಲ್ ಎಂಡೆಡ್‌ನ ಮಾಧುರ್ಯ ಒಂದು ಗುಲಗಂಜಿ ಕಮ್ಮಿ ಅಂತ ಗೆಳೆಯ ವಾದ ಮಾಡ್ತಾನೆ, ಇರ್ಬಹುದು, ಅವನ ಸ್ಪೀಕರ್ ಬೇರೆ. 4 ಓಮ್ ಟ್ಯಾಪ್‌ಗೂ ಹಾಕಿ ಕೇಳಿದೆ, ನಮ್ ಡಬ್ಬಕ್ಕೆ ಬೇಸ್ ಇನ್ನೂ ಬಿಗಿಯಾಗುತ್ತೆ, ಪವರ್ ಕಮ್ಮಿ ಆದ್ರೂ ಬೇಕಾದಷ್ಟಿದೆ, ಸದ್ಯಕ್ಕೆ ಅಲ್ಲೇ ಬಿಟ್ಟಿದೀನಿ. ಬಾಕಿ ಇರೋದು ವಾಲ್ವ್ ಮೇಲೆ ಜಾಲರಿ, ಮನೇಲಿ ಚಿಕ್ಕ ಮಗು ಇದೆ, ಇಎಲ್84 ಗಾಜು ಮುಟ್ಟಿದ್ರೆ ಬೊಬ್ಬೆ ಬರೋಷ್ಟು ಸುಡುತ್ತೆ, ಅದು ಆಗೋವರೆಗೂ ಆಂಪ್ ಬೀರು ಮೇಲೇನೇ.